ಐದು ಕೊಕ್ಕೆಯ ಕೀ ಸ್ಟ್ಯಾಂಡು

ತುಮಕೂರು ಜಿಲ್ಲೆಯಲ್ಲಿ ಯಾವ ಊರಿನವರಿಗೆ ಯಾವ ವಸ್ತು ಬೇಡ ಎಂಬುದನ್ನು ನನ್ನ ಸೋದರಮಾವನಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಬೇಡವಾದದ್ದನ್ನೇ ಹುಡುಕಿ, ಮರದಲ್ಲಿ ಕೊರೆದು, ಉಜ್ಜಿ, ಪಾಲಿಶ್ ಹೊಡೆದು, ಸರಿಯಾಗಿ ಆ ಊರಿಗೇ ಹೊತ್ತುಕೊಂಡು ಹೋಗುವುದೆಂದರೆ ಸಾಮಾನ್ಯ ಪ್ರತಿಭೆಯೇ? ಹೊತ್ತವಳು ಮಾತ್ರ ನಾನು!

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಗುಬ್ಬಿಯ ಶಾಲೆಯೊಂದರಲ್ಲಿ ಮೇಷ್ಟರಿಕೆ ಸಿಕ್ಕಿತ್ತು. ಮಾವ, ಅತ್ತೆ ಇದ್ದದ್ದು ತುಮಕೂರಿನಲ್ಲಿ. ಹೆಣ್ಣುಮಗಳು ಒಬ್ಬಳೇ ಬಾಡಿಗೆ ಮನೆಯಲ್ಲಿ ಇರುವುದೆಂದರೇನು ಎಂದು ಅಮ್ಮ ನನ್ನನ್ನು ಅವರ ಮನೆಗೆ ಸೇರಿಸಿದಳು. ದಿನಾ ಬೆಳಗ್ಗೆ ರೈಲಿನಲ್ಲಿ ಗುಬ್ಬಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಮಾವನಿಗೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇಥಿನ ಕೆಲಸ. ವರ್ಷಗಟ್ಟಲೆ ಒಂದೇ ಬೋಲ್ಟು, ಒಂದೇ ಅಳತೆ. ಈ ಬೋಲ್ಟು ಎಲ್ಲಿಗೆ ಹೋಗುತ್ತೆ ಎಂದು ಒಮ್ಮೆ ಕೇಳಿದೆ. ಲಾರಿಗೆ ಹೋಗುತ್ತೆ ಎಂದರು. ಲಾರಿ ಎಲ್ಲಿಗೆ ಹೋಗುತ್ತೆ?

"ಗೇಟಿಂದ ಆಚೆಗೆ ಹೋಗುತ್ತೆ ಕಣಮ್ಮ. ಅಲ್ಲಿಗಂಟ ನೋಡಿದೀನಿ."

ತಾವು ಮಾಡಿದ ಒಂದಾದರೂ ವಸ್ತು ಯಾರದಾದರೂ ಮನೆಯಲ್ಲಿ, ಯಾರದಾದರೂ ಉಪಯೋಗಕ್ಕೆ ಬಿದ್ದಿದೆ ಎಂದು ತಿಳಿಯಬೇಕು ಎಂಬ ಹುಚ್ಚು ಅವರಿಗೆ ಹತ್ತಿದ್ದು ಇಲ್ಲಿಂದ. ಹತ್ತಿದ ಮೇಲೆ ಮನುಷ್ಯ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಊಟಕ್ಕೆ ಕೂತರೆ ಎರಡನೇ ತುತ್ತಿಗೆ ಏನೋ ಹೊಳೆದು ಎಂಜಲು ಕೈಯಲ್ಲೇ ಎದ್ದುಹೋಗುವರು. ಗೋಡೆಗೆ ಒರಗಿದರೆ ಒಂದು ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿರುವುದು. ಅವರು ನೆಮ್ಮದಿಯಾಗಿ ಕೂತಿದ್ದನ್ನು ಮದುವೆಯ ಹಸೆಮಣೆಯ ಮೇಲೆ ನೋಡಿದ್ದೇ ಕೊನೆ ಎಂದು ಅತ್ತೆ ಹೇಳುತ್ತಿದ್ದರು. ಅಲ್ಲೂ ಪುರೋಹಿತರು ಎರಡು ಸಲ ಕೈಹಿಡಿದು ಕೂರಿಸಬೇಕಾಯಿತಂತೆ!

ಹುಚ್ಚಿಗೆ ಬಲಿಯಾದದ್ದು ಅತ್ತೆಯ ಹೊಲಿಗೆ ಮಿಷನ್ನು. ತೆಳ್ಳನೆಯ ಹಲಗೆಯಲ್ಲಿ ಬಳ್ಳಿ, ಹೂವು, ಹಕ್ಕಿ ಕೊರೆಯಲು ದಾರದಂಥ ಸಣ್ಣ ಗರಗಸವೊಂದಿರುತ್ತದೆ; ಕಾರ್ಖಾನೆಯವರು ಅದನ್ನು ಫ್ರೆಟ್ ಸಾ ಎನ್ನುತ್ತಾರೆ. ಪೆಡಲು ತುಳಿದು ಓಡಿಸುವಂಥದ್ದನ್ನು ಕೊಳ್ಳಲು ಯಾರಿಗೆ ಗತಿ? ಒಂದು ಭಾನುವಾರ ಅತ್ತೆ ತವರಿನಿಂದ ಬರುವಷ್ಟರಲ್ಲಿ ಮಾವ ಮಿಷನ್ನಿನ ತಲೆ ಬಿಚ್ಚಿ ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲೆ ಮಲಗಿಸಿದ್ದರು. ಕೆಳಗಿನ ಸ್ಟ್ಯಾಂಡು, ಪೆಡಲು, ಚಕ್ರ, ಬೆಲ್ಟು ಎಲ್ಲವೂ ಗರಗಸದ ಸೇವೆಗೆ ನಿಂತಿದ್ದವು. ಕೇರಿಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದ ಅತ್ತೆ, ಕೈಯಲ್ಲಿ ತವರಿನ ಚೀಲ ಹಿಡಿದೇ ಬಹಳ ಹೊತ್ತು ನೋಡಿದರು. ಒಂದೇ ಒಂದು ವಸ್ತುಪ್ರದರ್ಶನ ಮುಗಿಯಲಿ, ಹೇಗಿತ್ತೋ ಹಾಗೆ ಜೋಡಿಸಿಕೊಡುತ್ತೇನೆ ಎಂದು ಮಾವ ಮಾತು ಕೊಟ್ಟರು.

ಆ ಒಂದು ಪ್ರದರ್ಶನ ಶ್ರಾವಣದಲ್ಲಿ ತುಮಕೂರಿನ ಮೈದಾನವೊಂದರಲ್ಲಿ ನಡೆಯಿತು. ಚಹಾ ಪೆಟ್ಟಿಗೆಯ ಪ್ಲೈವುಡ್ಡಿನಲ್ಲಿ ಕೊರೆದ ನವಿಲುಗಳನ್ನು ಮಾವ ಸಾಲಾಗಿ ನಿಲ್ಲಿಸಿದರು. ಜನ ಬಂದರು, ನವಿಲಿನ ಗರಿಯೊಳಗೆ ಬೆರಳು ತೂರಿಸಿ ನೋಡಿದರು, ಚೆನ್ನಾಗಿದೆ ಎಂದರು, ಪಕ್ಕದ ಮಳಿಗೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಕೊಂಡರು. ಆದರೆ ಮೂರು ನಾಲ್ಕು ಜನ, ಸ್ಕೂಟರಿನ ಕೀ, ಬೀರು ಕೀ, ಆಫೀಸಿನ ಕೀ ಎಲ್ಲಾ ಎಲ್ಲೆಲ್ಲೋ ಬಿದ್ದಿರುತ್ತೆ, ನೇತುಹಾಕೋ ಸ್ಟ್ಯಾಂಡ್ ಇದೆಯಾ ಎಂದು ಕೇಳಿದರು. ಮಾವನ ಕಣ್ಣು ಹೊಳೆಯಿತು. ಗೊತ್ತಾಯಿತು, ಮಾರಾಟದ ಗುಟ್ಟು ಗೊತ್ತಾಯಿತು!

ಗುಟ್ಟೇನೋ ಸರಿಯೇ. ಆದರೆ ತುಮಕೂರಿನಲ್ಲಿ ಮತ್ತೆ ಪ್ರದರ್ಶನ ಬರುವುದು ಮುಂದಿನ ಶ್ರಾವಣಕ್ಕೆ. ಅಲ್ಲಿಯವರೆಗೆ ಕಾಯುವ ಜೀವವೇ ಅದು? ಸಂಕ್ರಾಂತಿ ಕಳೆದ ಮೇಲೆ ಗುಬ್ಬಿಯಲ್ಲೊಂದು ಪ್ರದರ್ಶನ ಇದೆಯೆಂದು ನಾನೇ ಬಾಯಿಬಿಟ್ಟಿದ್ದೆ. ತುಮಕೂರಿನವರು ಕೇಳಿದ ಕೀ ಸ್ಟ್ಯಾಂಡುಗಳು ಗುಬ್ಬಿಗೆ ಸಿದ್ಧವಾಗತೊಡಗಿದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅತ್ತೆಗೆ ಪ್ರತಿವರ್ಷ ಮಿಷನ್ನಿಗೆ ಕುಂಕುಮ ಇಟ್ಟು ಹಾರ ಹಾಕುವುದು ಬಿಡಲಾಗದ ಪದ್ಧತಿ. ಈಗ ತಲೆ ಬೀರುವಿನ ಮೇಲೆ, ಕಾಲು ಹಜಾರದಲ್ಲಿ, ಹಾರ ಯಾರಿಗೆ? ಅತ್ತೆ ಕುರ್ಚಿ ಹತ್ತಿ ಮೇಲಿನದಕ್ಕೆ ಹಾಕಿದರು. ಮಾವ ಬಗ್ಗಿ ಕೆಳಗಿನದಕ್ಕೆ ಹಾಕಿದರು. ಒಂದೇ ಯಂತ್ರಕ್ಕೆ ಎರಡು ತೆಂಗಿನಕಾಯಿ ಒಡೆದ ಮನೆ ತುಮಕೂರಿನಲ್ಲಿ ನಮ್ಮದೊಂದೇ ಇರಬೇಕು. ಕುರ್ಚಿಯಿಂದ ಇಳಿಯುತ್ತಾ ಅತ್ತೆ ಗಡುವು ಕೊಟ್ಟರು.

"ಮುಂದಿನ ಪೂಜೆ ಹೊತ್ತಿಗೆ ಮೇಲಿರೋದು ಕೆಳಗಿಳೀಬೇಕು. ಇಷ್ಟೇ ನಾನ್ ಹೇಳೋದು."

ಗುಬ್ಬಿಗೆ ಹನ್ನೆರಡು ಕೀ ಸ್ಟ್ಯಾಂಡು ಹೋದವು, ಒಂದೊಂದಕ್ಕೂ ಐದೈದು ಕೊಕ್ಕೆ. ತೋಟ, ಹೊಲ ಇರುವ ಜನ ಬಂದು ಅದನ್ನು ತಿರುಗಿಸಿ ನೋಡಿ, ಮನೆಗೆ ಇರುವುದೇ ಒಂದು ಬೀಗ, ಅದರ ಕೈ ಅಜ್ಜಿಯ ಸೊಂಟದಲ್ಲಿದೆ ಎಂದರು. ಅಜ್ಜಿಯನ್ನು ಗೋಡೆಗೆ ನೇತುಹಾಕಲಾದೀತೆ? ಸಂಜೆ ಮಳಿಗೆ ಮುಚ್ಚುವ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಸ್ಟ್ಯಾಂಡನ್ನು ಬೆರಳಲ್ಲಿ ತಟ್ಟಿ ನೋಡಿದರು, ಇಟ್ಟರು, ನಾಲ್ಕು ಹೆಜ್ಜೆ ಹೋದರು, ತಿರುಗಿ ಮಾವನ ಮುಖ ನೋಡಿದರು.

"ಕೊಡಿ ಬುಡಿ ಒಂದ. ಬೆಳಗ್ಗಿಂದ ನಿಂತೇ ಇದೀರ."

ಮೊದಲ ಮಾರಾಟ! ವಾಪಸು ಬರುವ ರೈಲಿನಲ್ಲಿ ಮಾವ ಆ ಹೆಂಗಸಿನ ಗುಣಗಾನ ಮಾಡಿದ್ದೇ ಮಾಡಿದ್ದು. ಎಷ್ಟು ಕಲಾದೃಷ್ಟಿ, ಹೇಗೆ ತಟ್ಟಿ ನೋಡಿದರು, ಎಲ್ಲಿ ತಗುಲಿಹಾಕುತ್ತಾರೋ! ನನಗೋ ತೊಡೆಯ ಮೇಲೆ ಹನ್ನೊಂದು ಸ್ಟ್ಯಾಂಡಿನ ಗಂಟು, ಅದರ ಕೊಕ್ಕೆಗೆ ಸಿಕ್ಕಿ ಹರಿದ ಹೊಸ ಸೀರೆ. ಸಿಟ್ಟು ನೆತ್ತಿಗೇರಿತ್ತು.

"ಕಲಾದೃಷ್ಟೀನೂ ಇಲ್ಲ ಏನೂ ಇಲ್ಲ ಮಾವ. ಪಾಪ ಅಂತ ತಗೊಂಡ್ರು. ಈ ಹೊತ್ತಿಗೆ ಒಲೆಗೆ ಹಾಕಿರ್ತಾರೆ."

ಮಾವ ಮುಖ ಆಚೆ ತಿರುಗಿಸಿದರು. ತುಮಕೂರು ಬರುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದರು. ಆ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಎತ್ತಿಕೊಳ್ಳಬೇಕೆನಿಸಿತು, ಆದರೆ ಆಡಿದ ಮಾತು ಒಡೆದ ಮುತ್ತು.

ಮರುದಿನದಿಂದ ಚಡಪಡಿಕೆ ದುಪ್ಪಟ್ಟಾಯಿತು. ಸಿಕ್ಕಸಿಕ್ಕವರನ್ನೆಲ್ಲ ನಿಮಗೇನು ಬೇಕು, ನೀವಾದರೆ ಏನು ಕೊಳ್ಳುತ್ತೀರಿ ಎಂದು ಕೇಳುವುದೇ ಕೆಲಸ. ಹಾಲಿನವನನ್ನು ಕೇಳಿದರು, ಬಸ್ ಕಂಡಕ್ಟರನ್ನು ಕೇಳಿದರು. ನೆಂಟರೊಬ್ಬರ ಮನೆಯ ತಿಥಿ ಊಟದಲ್ಲಿ, ತೀರಿಕೊಂಡವರ ಮಗ ಪಾಯಸ ಬಡಿಸಲು ಬಗ್ಗಿದಾಗ, ತಂದೆಯವರ ಫೋಟೋಗೆ ಎಂಥ ಫ್ರೇಮು ಯೋಚನೆ ಮಾಡಿದ್ದೀರಿ ಎಂದು ಕಿವಿಯಲ್ಲಿ ಕೇಳಿದರು. ಆ ಸಾಲಿಗೆ ಮತ್ತೆ ಪಾಯಸ ಬರಲಿಲ್ಲ.

ಗುಬ್ಬಿಯಲ್ಲಿ ಯಾರೋ ದೇವರಿಗೆ ಮರದ ಗೂಡು ಮಾಡಿ ಎಂದಿದ್ದರು. ಅವು ಯುಗಾದಿಯ ನಂತರ ಬಸ್ಸಿನ ಟಾಪಿನ ಮೇಲೆ ಕುಣಿಗಲ್ಲಿಗೆ ಹೋದವು. ಕುಣಿಗಲ್ಲಿನವರು ದೇವರು ಗೋಡೆಯ ಗೂಡಿನಲ್ಲಿ ಸುಖವಾಗಿದ್ದಾನೆ ಎಂದರು; ಕುದುರೆ ಫಾರಂ ಇರುವ ಊರಿಗೆ ಬಂದು ಒಂದು ಕುದುರೆ ಮಾಡಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಸರಿ, ಕುದುರೆಗಳು ಹುಟ್ಟಿದವು. ಅವು ಮುಂದಿನ ಶ್ರಾವಣಕ್ಕೆ ಎಲ್ಲಿಗೆ ಬಂದವು ಎಂದು ಬೇರೆ ಹೇಳಬೇಕೇ? ತುಮಕೂರಿಗೆ! ಹಿಂದಿನ ವರ್ಷ ಕೀ ಸ್ಟ್ಯಾಂಡು ಕೇಳಿದ್ದವರೇ ಬಂದು, ಮಾಡಿಟ್ಟಿದ್ದೀರಾ ಎಂದು ವಿಚಾರಿಸಿದರು. ಗುಬ್ಬಿಯಲ್ಲಿ ಉಳಿದಿದ್ದ ಹನ್ನೊಂದನ್ನೂ ಮಾವ ಬೇಸರದಲ್ಲಿ ಬಿಚ್ಚಿ ಆ ಕುದುರೆಗಳಿಗೆ ಕಾಲು ಮಾಡಿಬಿಟ್ಟಿದ್ದರು. ಒಬ್ಬರು ಇದು ಮೇಕೆಯೋ ಜಿಂಕೆಯೋ ಎಂದು ಕೇಳಿದ್ದು ಬಿಟ್ಟರೆ ಕುದುರೆಯ ಮಾತು ಯಾರೂ ಎತ್ತಲಿಲ್ಲ. ಮನೆಯ ಪ್ರತಿ ಬಾಗಿಲಿಗೂ ಗಾಳಿಗೆ ಬಡಿಯದಂತೆ ಒಂದೊಂದು ಕುದುರೆ ಅಡ್ಡ ನಿಂತಿತು.

ನವರಾತ್ರಿಗೆ ಇನ್ನು ಎರಡು ವಾರ. ಮಾವ ಗರಗಸ ಮುಟ್ಟುತ್ತಿರಲಿಲ್ಲ, ಆದರೆ ಕೂರುತ್ತಲೂ ಇರಲಿಲ್ಲ. ಹಜಾರದಿಂದ ಬೀದಿಗೆ, ಬೀದಿಯಿಂದ ಹಜಾರಕ್ಕೆ.

ಆಗ ನಮ್ಮ ಶಾಲೆಯ ಮೇಷ್ಟರುಗಳಿಗೆಲ್ಲ ಮತದಾರರ ಪಟ್ಟಿ ತಿದ್ದುವ ಕೆಲಸ ಬಿತ್ತು. ಗುಬ್ಬಿಯ ಅಂಚಿನ ಒಂದು ಮನೆಯಲ್ಲಿ ಹೆಸರು ಬರೆದುಕೊಳ್ಳುತ್ತಾ ತಲೆ ಎತ್ತಿದೆ. ಎದುರು ಗೋಡೆಯಲ್ಲಿ ಮಾವನ ಕೀ ಸ್ಟ್ಯಾಂಡು! ಅದರಲ್ಲಿ ಒಂದೇ ಒಂದು ಕೀಲಿಕೈ ಇರಲಿಲ್ಲ. ಅಜ್ಜನ ಕನ್ನಡಕ ಇತ್ತು, ಟಾರ್ಚು ಇತ್ತು, ದಾರ ಪೋಣಿಸಿದ ಪಂಚಾಂಗ, ಕತ್ತರಿ. ಕೊನೆಯ ಕೊಕ್ಕೆಯಲ್ಲಿ ಮಗುವಿನ ಕುಲಾವಿ. ಅದೇ ಹೆಂಗಸು ಸೆರಗಿನಲ್ಲಿ ಕೈ ಒರೆಸುತ್ತಾ ಬಂದು, ನಾನು ನೋಡುತ್ತಿದ್ದದ್ದನ್ನು ಕಂಡು ಹೇಳಿದರು.

"ಅದು ಬಂದ್ಮೇಲೆ ನಮ್ಮ ಮಾವನೋರು ಕನ್ನಡಕ ಎಲ್ಲಿ ಅಂತ ಕೂಗೋದು ನಿಂತೋಯ್ತು ಕಣ್ರೀ ಮೇಡಮ್ಮೋರೆ."

ನನಗೆ ಪಟ್ಟಿಯ ಅಕ್ಷರ ಕಾಣದಾಯಿತು. ಆ ಸಂಜೆ ರೈಲು ಇಷ್ಟು ನಿಧಾನ ಎಂದು ಮೊದಲ ಸಲ ತಿಳಿಯಿತು. ಮನೆಗೆ ಓಡಿಬಂದು ಹೇಳಿದೆ, ರೈಲಿನಲ್ಲಿ ಆಡಿದ ಮಾತು ತಪ್ಪಾಯಿತು ಎಂದೂ ಹೇಳಿದೆ. ಮಾವ ನಂಬದವರಂತೆ ಒಂದೇ ಪ್ರಶ್ನೆ ಕೇಳಿದರು.

"ಐದೂ ಕೊಕ್ಕೆ ತುಂಬಿತ್ತಾ?"

ತುಂಬಿತ್ತು ಎಂದೆ. ಭಾನುವಾರ ಬೆಳಗ್ಗೆ ಹೇಳದೆ ಕೇಳದೆ ಗುಬ್ಬಿಗೆ ಹೋದರು. ಮಧ್ಯಾಹ್ನ ಬಂದವರನ್ನು ನಾನೂ ಅತ್ತೆಯೂ ಬಾಗಿಲಲ್ಲೇ ತಡೆದೆವು. ಆ ಮನೆಯ ಮುಂದೆ ನಿಂತು ಕುಡಿಯಲು ನೀರು ಕೇಳಿದರಂತೆ. ಆಯಮ್ಮನಿಗೆ ಗುರುತು ಸಿಗಲಿಲ್ಲವಂತೆ. ನೀರು ಕುಡಿಯುತ್ತಾ ಬಾಗಿಲಿಂದ ನೋಡಿದರಂತೆ. ಟಾರ್ಚಿನ ಭಾರಕ್ಕೆ ಬಲಗಡೆ ಕೊಂಚ ವಾಲಿದೆಯಂತೆ. ನಾನೇ ಮಾಡಿದ್ದು ಎಂದು ಹೇಳಬಾರದಿತ್ತೇ ಎಂದೆ.

"ಅದು ಅವರ ಮನೇದು ಕಣಮ್ಮ. ನಾನ್ಯಾಕೆ ಹೇಳ್ಲಿ."

ಅಂದೇ ಕುರ್ಚಿ ಹತ್ತಿ ಮಿಷನ್ನಿನ ತಲೆ ಇಳಿಸಿದರು. ಗರಗಸ ಬಿಚ್ಚುವ ಮುನ್ನ ಸ್ಪ್ಯಾನರು ಹಿಡಿದು ಒಂದು ಕ್ಷಣ ನಿಂತರು. ಮೂರು ಊರಿನವರನ್ನೂ, ಹಾಲಿನವನನ್ನೂ, ಕಂಡಕ್ಟರನ್ನೂ ಕೇಳಿದ್ದ ಪ್ರಶ್ನೆಯನ್ನು ಅಂದು ಮೊದಲ ಬಾರಿ ಅತ್ತೆಗೆ ಕೇಳಿದರು. ಇನ್ನೊಂದು ಹಲಗೆ ಉಳಿದಿದೆ, ನಿನಗೇನು ಬೇಕು?

ಅತ್ತೆ ಬೀರುವಿನಿಂದ ಇಳಿದ ತಲೆಯ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಏನೂ ಬೇಡ. ಒಂದು ಗಳಿಗೆ ಇಲ್ಲಿ ಕೂತ್ಕೊಳ್ಳಿ."

ಮಾವ ಸ್ಪ್ಯಾನರನ್ನು ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ನಾನು ಅಡುಗೆಮನೆಯ ಬಾಗಿಲಿಂದ ಅವರ ಕಾಲನ್ನೇ ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ.