ತೋತಾಪುರಿಯೂ ಚಿತ್ತಶುದ್ಧಿಯೂ

ಮನಸ್ಸನ್ನು ಗದರಿಸಿ ಗೆಲ್ಲಲಾಗದು, ಪ್ರೀತಿಯಿಂದ ಮಾತ್ರ ಗೆಲ್ಲಬಹುದು ಎಂಬುದು ನನ್ನ ಅಭಿಪ್ರಾಯವಲ್ಲ. ಮುಳಬಾಗಿಲಿನ ನಮ್ಮ ಸತ್ಸಂಗಕ್ಕೆ ಬಂದಿದ್ದ ಸ್ವಾಮಿಗಳದು. ಕೆಟ್ಟ ಆಲೋಚನೆಯನ್ನು ಬಡಿಯಬಾರದಂತೆ. ಬೀದಿಗೆ ಓಡಿದ ಮಗುವನ್ನು ಕೈಹಿಡಿದು ಕರೆತರುವಂತೆ ಮೆಲ್ಲನೆ ಒಳಗೆ ಕರೆತರಬೇಕಂತೆ. ಅಂದು ಅವರು ಮಂತ್ರಾಕ್ಷತೆ ಕೊಡುವಾಗ ನನ್ನನ್ನು ದಾಟಿ ಹಿಂದೆ ನಿಂತವನಿಗೆ ಮೊದಲು ಕೊಟ್ಟರು. ಆದರೂ ಉಪದೇಶ ಯೋಗ್ಯವಾದುದೆಂದು ಸ್ವೀಕರಿಸಿದೆ.

ಅಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ನನ್ನ ಭಾವಮೈದ ಶ್ರೀನಾಥನನ್ನು. ಗೌನಿಪಲ್ಲಿಯಲ್ಲಿ ಅವನಿಗೆ ಮಾವಿನ ತೋಟವಿದೆ. ಹೋದ ವರ್ಷ ಮಾಲೂರಿನ ನನ್ನ ಷಡ್ಡಕನಿಗೆ ಬಾದಾಮಿ ಹಣ್ಣು ಕಳುಹಿಸಿದವನು, ಮನೆಯ ಹಿರಿಯ ಅಳಿಯನಾದ ನನಗೆ ಜ್ಯೂಸ್ ಫ್ಯಾಕ್ಟರಿಗೆ ಹೋಗುವ ತೋತಾಪುರಿ ಕಳುಹಿಸಿದ. ದಿನವೂ ಸಂಧ್ಯಾವಂದನೆ ಮುಗಿಸಿ, ಕಣ್ಣು ಮುಚ್ಚಿ, ಆ ಕ್ರೇಟನ್ನು ಮೇಲಿನ ಹುಲ್ಲಿನಿಂದ ಅಡಿಯ ಕೊಳೆತ ಕಾಯಿಯವರೆಗೆ ಸ್ಮರಿಸಿ, ಬಳಿಕ ಅವನನ್ನು ಪ್ರೀತಿಯಿಂದ ಕ್ಷಮಿಸುತ್ತಿದ್ದೆ. ಇಷ್ಟು ಆದರ ಕಂಡ ಮೇಲೆ ಆ ಆಲೋಚನೆ ಕಾಫಿಯ ಹೊತ್ತಿಗೂ ಬರತೊಡಗಿತು.

"ಕ್ಷಮಿಸೋಕೆ ದಿನಾ ನೆನಪು ಮಾಡ್ಕೋಬೇಕೇನ್ರೀ?" ಎಂದಳು ಹೆಂಡತಿ ಕಮಲ. "ನಾಳೆ ಅವನು ಮಗಳ ಮದುವೆಗೆ ಕರೆಯೋಕೆ ಬರ್ತಾನೆ. ನನಗಿರೋನು ಒಬ್ಬನೇ ತಮ್ಮ. ನೀವು ಏನಾದ್ರೂ ಅಂದು ಕಳಿಸಿದ್ರೆ ನಾನು ತೌರಿನ ಹೊಸಿಲು ತುಳಿಯೋ ಹಾಗಿಲ್ಲ."

"ಅವನನ್ನ ಯಾವತ್ತೋ ಕ್ಷಮಿಸಿ ಆಯ್ತು ಕಣೇ."

"ಅದೇ ನನಗೆ ಭಯ."

ಶ್ರೀನಾಥ ಬಂದ. "ಏಂ ಬಾವಾ, ಬಾಗುನ್ನಾರಾ?" ಎಂದು ತೆಲುಗಿನಲ್ಲೇ ಕುಶಲ ಕೇಳಿ, ಕಾಲಿಗೆ ನಮಸ್ಕರಿಸಿ, ಲಗ್ನಪತ್ರಿಕೆ ಕೊಟ್ಟ. ನನ್ನ ಹೃದಯ ಕರುಣೆಯಿಂದ ತುಂಬಿತು.

"ನೋಡಪ್ಪ, ಹೋದ ವರ್ಷದ ತೋತಾಪುರಿ ವಿಷಯ ನಾನು ಮನಸ್ಸಿನಲ್ಲಿ ಇಟ್ಕೊಂಡಿಲ್ಲ," ಎಂದೆ. ಕಾಫಿ ತರುತ್ತಿದ್ದ ಕಮಲ ಬಾಗಿಲಲ್ಲೇ ನಿಂತಳು.

"ಯಾವ ತೋತಾಪುರಿ ಬಾವಾ?"

ವರ್ಷವಿಡೀ ನಾನು ಕಷ್ಟಪಟ್ಟು ಕ್ಷಮಿಸಿದ ಅಪರಾಧ, ಮಾಡಿದವನಿಗೆ ನೆನಪೇ ಇರಲಿಲ್ಲ. ಅಷ್ಟರಲ್ಲಿ ಅವನ ಮುಖ ಅರಳಿತು. "ಓ, ನಿಮಗೆ ತೋತಾಪುರಿ ಅಂದ್ರೆ ಅಷ್ಟು ಇಷ್ಟಾನಾ? ಮೊದ್ಲೇ ಹೇಳ್ಬಾರ್ದಾ. ಈ ಸಲ ಎರಡು ಕ್ರೇಟ್ ಕಳಿಸ್ತೀನಿ ಬಿಡಿ."

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕಮಲಳ ಮುಖ ನೋಡಿದೆ. ಬೀದಿಗೆ ಓಡುತ್ತಿದ್ದ ಮಗುವನ್ನು, ನಿಜ ಹೇಳಬೇಕೆಂದರೆ ಕಿವಿ ಹಿಡಿದೇ, ಒಳಗೆಳೆದುಕೊಂಡೆ.

"ಕಳಿಸಪ್ಪ. ಮದುವೆಗೆ ಇಬ್ಬರೂ ಬರ್ತೀವಿ."

ಕಮಲ ಈಗ ಮದುವೆಗೆ ಉಡುವ ಸೀರೆ ಆರಿಸುತ್ತಿದ್ದಾಳೆ. ಎರಡು ಕ್ರೇಟೂ ಬಂದಿವೆ. ಬೆಳಗಿನ ಧ್ಯಾನಕ್ಕೆ ನಾನು ಅವುಗಳ ಎದುರಿನಲ್ಲೇ ಕೂರುತ್ತೇನೆ. ಸ್ವಾಮಿಗಳು ಹೇಳಿದಂತೆ ಮನಸ್ಸು ಬಹಳ ಶಾಂತವಾಗಿದೆ. ಈ ಸಲ ಷಡ್ಡಕನಿಗೆ ಯಾವ ಹಣ್ಣು ಹೋಯಿತೆಂಬುದೊಂದು ಮಾತ್ರ ತಿಳಿಯಬೇಕಾಗಿದೆ. ಮಾಲೂರಿಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ಅದನ್ನೂ ಗಮನಿಸಿದ್ದೇನೆ.