ಸೊನ್ನೆಯಿಂದ ಹತ್ತರೊಳಗಿನ ಮೊಣಕಾಲು

ನೋವು ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯುವುದು ಅದರ ಬಗ್ಗೆ ನಾವು ಹೇಳಿಕೊಂಡ ಕಥೆ ಮಾತ್ರ. ಆ ಕಥೆಯೂ ಪ್ರತಿ ಸಲ ಹೇಳುವವನ ಕಡೆಗೇ ಸ್ವಲ್ಪ ವಾಲುತ್ತದೆ. ಇಷ್ಟು ಬರೆದ ಮೇಲೆ ನನಗೇ ಅನುಮಾನ. ಮಾತು ಇಷ್ಟು ಚೊಕ್ಕಟವಾಗಿ ಬಂತೆಂದರೆ ಇದರಲ್ಲೂ ಏನೋ ಮೋಸವಿರಬೇಕು. ಆದ್ದರಿಂದ ನೇರವಾಗಿ ಮೊಣಕಾಲಿಗೆ ಬರುತ್ತೇನೆ.

ಹೋದ ವರ್ಷ ಠಾಣೆಯ ಒಂದು ಆಸ್ಪತ್ರೆಯಲ್ಲಿ ನನ್ನ ಬಲ ಮೊಣಕಾಲನ್ನು ಬದಲಾಯಿಸಿದರು. ಅಲ್ಲೇ ಒಂದು ಸಂಶೋಧನೆಯೂ ನಡೆಯುತ್ತಿದೆ. ನನ್ನಂತೆ ಆಪರೇಷನ್ ಮಾಡಿಸಿಕೊಂಡವರು ಒಂದು ಕಡೆ, ಮಾತ್ರೆ ಮತ್ತು ವ್ಯಾಯಾಮದಲ್ಲೇ ಕಾಲ ತಳ್ಳುವವರು ಇನ್ನೊಂದು ಕಡೆ. ಕೊನೆಗೆ ಯಾರು ಹೆಚ್ಚು ಸುಖವಾಗಿದ್ದಾರೆ ಎಂದು ಪತ್ತೆ ಹಚ್ಚುವುದು. ಅದಕ್ಕಾಗಿ ಪ್ರಾಚಿ ಎಂಬ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಅಪ್ಪ ಅಮ್ಮ ಕಾರ್ಕಳದ ಕಡೆಯವರು, ಇವಳು ಹುಟ್ಟಿದ್ದು ಕಲ್ಯಾಣದಲ್ಲಿ. ಮೊದಲ ಸಲ ನಾನು ಖುಷಿಯಿಂದ ಕನ್ನಡ ಶುರು ಮಾಡಿದಾಗ, "ಅಂಕಲ್, ಸಮಝ್ ಮೇ ಸಬ್ ಆತಾ ಹೈ, ಬೋಲ್ನೇಕೋ ನಹೀ ಆತಾ. ಆಪ್ ಕನ್ನಡ ಮೇ ಹೀ ಬೋಲೋ" ಎಂದಳು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲವಂತೆ. ಅಂದಿನಿಂದ ನಾನು ಕನ್ನಡದಲ್ಲಿ ನರಳುತ್ತೇನೆ, ಅವಳು ಹಿಂದಿಯಲ್ಲಿ ಸಮಾಧಾನ ಹೇಳಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾಳೆ. ಅಲ್ಲಿಗೆ ತಲುಪುವಾಗ ನನ್ನ ನೋವು ಎಷ್ಟು ಉಳಿದಿರುತ್ತದೋ ವಿಜ್ಞಾನಕ್ಕೇ ಗೊತ್ತು. ಒಮ್ಮೆ, ಸಾಕ್ಸ್ ಹಾಕಿಕೊಳ್ಳಲು ಕಷ್ಟವಾಗುತ್ತದೆಯೇ ಎಂದು ಕೇಳಿದಳು. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಂಪನಿಯಿಂದ ನಿವೃತ್ತನಾದ ದಿನವೇ ನಾನು ಸಾಕ್ಸ್ ಬಿಟ್ಟವನು. "ಸ್ವಲ್ಪವೂ ಕಷ್ಟವಿಲ್ಲ" ಎಂದೆ. ಸುಳ್ಳಂತೂ ಅಲ್ಲ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಶಶಿಕಲಾಳ ಎಡ ಮೊಣಕಾಲು ಹಟ ಹಿಡಿಯದೇ ಇದ್ದಿದ್ದರೆ. ಶಶಿಕಲಾ ನನ್ನ ಹೆಂಡತಿ. ಅವಳ ಕಾಲು ನನ್ನದಕ್ಕಿಂತ ಹೆಚ್ಚು ಸವೆದಿದೆ. ಆಪರೇಷನ್ನೋ ಮಾತ್ರೆಯೋ, ನೀವೇ ನಿರ್ಧರಿಸಿ ಎಂದು ಡಾಕ್ಟರರು ಅವಳಿಗೇ ಬಿಟ್ಟಿದ್ದಾರೆ. ಮಾತ್ರೆ ಹೊಟ್ಟೆ ಉರಿಸುತ್ತದೆ. ನಮ್ಮ ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವುದನ್ನು ಅವಳು ಬಿಟ್ಟೇಬಿಟ್ಟಿದ್ದಾಳೆ. ಬಸ್ಸಿನ ಮೆಟ್ಟಿಲೂ ಎತ್ತರ. ಹೀಗಾಗಿ ಕಳಂಬೋಲಿಯಲ್ಲಿರುವ ಅವಳ ಅಕ್ಕ ಈಗ ಬರೀ ಫೋನಿನ ಅಕ್ಕ. ಆದರೂ ಆಪರೇಷನ್ ಎಂದರೆ "ನೋಡುವ" ಎಂದು ಎದ್ದು ಹೋಗುತ್ತಾಳೆ.

ನನ್ನ ಅನುಭವವೇ ಅವಳಿಗೆ ಧೈರ್ಯ ಕೊಡಲಿ ಎಂದು ನಾನೊಂದು ಉಪಾಯ ಮಾಡಿದೆ. ಮೊನ್ನೆ ಪ್ರಾಚಿಯ ಫೋನ್ ಬಂದಾಗ ಸ್ಪೀಕರ್ ಹಾಕಿದೆ. ಅಡುಗೆಮನೆಯಲ್ಲಿ ಮಿಕ್ಸರ್ ತಟ್ಟನೆ ನಿಂತಿತು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?

"ಸೊನ್ನೆ ಅಂತ ಬರ್ಕೊಳ್ಳಮ್ಮ."

"ಔರ್ ಆಪರೇಷನ್ ಕೇ ಬಾದ್, ಪೆಹಲಾ ಹಫ್ತಾ? ಯಾದ್ ಕರ್ಕೆ ಬೋಲೋ."

"ಮೊದಲ ವಾರವಾ? ಇರುವೆ ಕಚ್ಚಿದ ಹಾಗೆ, ಅಷ್ಟೆ."

ಪ್ರಾಚಿ ದನಿ ತಗ್ಗಿಸಿದಳು. "ಅಂಕಲ್, ಆಂಟಿ ಬಾಜೂ ಮೇ ಹೈ ಕ್ಯಾ? ಗ್ಯಾಲರಿ ಮೇ ಜಾಕೆ ಬೋಲೋಗೆ?"

ನಾನು ಎದ್ದು ಬಾಲ್ಕನಿಗೆ ಹೋಗುವ ಮೊದಲೇ ಶಶಿಕಲಾ ಕೈ ಒರೆಸಿಕೊಳ್ಳುತ್ತ ಬಂದಳು. "ಇರುವೆಯೂ ಇಲ್ಲ, ಎಂತದೂ ಇಲ್ಲ ಮಗಾ. ಇವರು ಆ ವಾರ ಇಡೀ ಅಮ್ಮಾ ಅಮ್ಮಾ ಅಂತ ಕರೀತಿದ್ರು. ನಮ್ಮ ಅತ್ತೆ ತೀರಿಹೋಗಿ ಎಷ್ಟು ಕಾಲ ಆಯ್ತು. ಫಿಸಿಯೋದವ ಕಾಲು ಮಡಚಿಸುವಾಗ ನನ್ನ ಕೈ ಹಿಡಿದು ಒತ್ತಿದ್ದಕ್ಕೆ ಬಳೆ ಒಡೀತು."

ನನ್ನ ನೆನಪಿನಲ್ಲಿ ಆ ಫಿಸಿಯೋ ನನ್ನನ್ನು ಉಳಿದ ರೋಗಿಗಳಿಗೆ ಮಾದರಿಯಾಗಿ ತೋರಿಸಿದ್ದ. ಏನೋ ಒಡೆದ ಸದ್ದು ನನ್ನ ನೆನಪಿನಲ್ಲೂ ಇದೆ, ಆದರೆ ಅಲ್ಲಿ ಅದು ಪಕ್ಕದ ಮಂಚದವರ ಗಾಜಿನ ಲೋಟ.

"ಆಂಟಿ, ಆಪ್ಕಾ ಜವಾಬ್ ಮೈ ಲಿಖ್ ನಹೀ ಸಕ್ತೀ," ಎಂದಳು ಪ್ರಾಚಿ. "ಪೇಷಂಟ್ ಕಾ ಹೀ ಲಿಖ್ನಾ ಪಡ್ತಾ ಹೈ."

"ಬರೆಯುವುದು ಬೇಡ. ಗೊತ್ತಿರಲಿ ಅಂತ ಹೇಳಿದೆ."

ಆಮೇಲೆ ನಾನೇ ತಿದ್ದಿಸಿದೆ. ಮೊದಲ ವಾರಕ್ಕೆ ಒಂಬತ್ತು ಹಾಕು, ಈಗಿನದಕ್ಕೆ ಒಂದು. ಮಳೆ ಬಂದರೆ ಒಂದೂವರೆ. ಹೀಗೆ ಹೇಳುವಾಗ ಅಡುಗೆಮನೆಯ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಅವಳು ಎದುರಿಗೇ ನಿಂತಿದ್ದಳು.

ಫೋನ್ ಇಟ್ಟು, "ಇನ್ನು ನೀನು ಆಪರೇಷನ್ನಿಗೆ ಒಪ್ಪುವುದಿಲ್ಲ ಬಿಡು" ಎಂದೆ.

"ನೋವು ಉಂಟು ಅಂತ ನನಗೆ ಗೊತ್ತಿಲ್ವಾ? ನಿಮ್ಮದು ನೋಡಿದವಳು ನಾನೇ."

"ಮತ್ತೆ ಯಾಕೆ ತಡ?"

ಅವಳು ಕುರ್ಚಿಯಲ್ಲಿ ಕೂತು ಎಡಗಾಲನ್ನು ಮೆಲ್ಲನೆ ಚಾಚಿದಳು. "ನಿಮಗೆ ನಾನಿದ್ದೆ. ನನಗೆ ಯಾರು?"

"ನಾನಿಲ್ಲವಾ?"

ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನನ್ನು ನೋಡಿದಳು. "ಅದೇ ಮಾರಾಯ್ರೆ ಹೆದರಿಕೆ."

ನಾನು ಇಷ್ಟು ದಿನ ಡಾಕ್ಟರರ ಕೈಗುಣವನ್ನೂ ಕೃತಕ ಮೊಣಕಾಲಿನ ಬಾಳಿಕೆಯನ್ನೂ ಹೊಗಳಿದ್ದೇ ಹೊಗಳಿದ್ದು. ಅವಳ ಚಿಂತೆ ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲಿನದು. ಗಂಜಿ ಕಾಯಿಸುವವನು ಯಾರು ಎಂದು ಆ ಸಂಶೋಧನೆಯವರೂ ನನ್ನನ್ನು ಕೇಳಿದ ನೆನಪಿಲ್ಲ. ಕೇಳಿದ್ದರೂ ನಾನು ಮರೆತಿರಬಹುದು. ಗಂಜಿ ತಾನಾಗಿಯೇ ಬರುತ್ತದೆ ಎಂದು ನಂಬಿದ್ದವನು ನಾನು.

ಹಾಗಾದರೆ ಪರೀಕ್ಷೆ ಆಗಿಯೇ ಹೋಗಲಿ ಎಂದೆ. ಭಾನುವಾರವಿಡೀ ಅವಳು ರೋಗಿ, ಮಂಚದಿಂದ ಇಳಿಯುವಂತಿಲ್ಲ. ಒಪ್ಪಿದಳು, ಕನಿಕರದಿಂದ ಎಂದು ಕಾಣುತ್ತದೆ. ಗಂಜಿ ಸುಮಾರಾಗಿ ಬಂತು. ಅರ್ಧ ಉಕ್ಕಿ ಒಲೆಯ ಮೇಲಿತ್ತು, ಅರ್ಧ ಬಟ್ಟಲಿನಲ್ಲಿ. ಅವಳು ಅಷ್ಟನ್ನೂ ಕುಡಿದಳು. ಆಮೇಲೆ ನಾನು ಬಿಸಿನೀರಿನ ಚೀಲವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಮಂಚದ ಪಕ್ಕದ ತಗ್ಗು ಸ್ಟೂಲಿನ ಮೇಲೆ ಕೂತು, ಅವಳ ಮೊಣಕಾಲಿಗೆ ಬಹಳ ಜತನದಿಂದ ಕಟ್ಟಿದೆ. ಬಿಗಿಯಾಯಿತೇ ಎಂದು ಕೇಳಿ ಸಡಿಲಿಸಿದೆ. ದಿಂಬು ತರಲು ಎದ್ದು ಹೋಗಿ ಮತ್ತೆ ಬಂದು ಕೂತೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಕಟ್ಟಿದ್ದೀರಿ," ಎಂದಳು. "ನನ್ನ ನೋವು ಆಚೆ ಕಾಲಿಗೆ. ಇದು ನಿಮಗೆ ನೋಯ್ತಿದ್ದ ಕಡೆ."

ನಾನು ಬಿಚ್ಚತೊಡಗಿದೆ. ಅವಳು ಕೈ ಹಿಡಿದು ತಡೆದಳು. "ಇರಲಿ, ಬೆಚ್ಚಗುಂಟು. ನಾಳೆ ಆಸ್ಪತ್ರೆಗೆ ಫೋನ್ ಮಾಡಿ ತಾರೀಖು ಕೇಳಿ."

"ಅಂದರೆ ನಾನು ಪಾಸಾ?"

"ನೀವಲ್ಲ, ನಿಮ್ಮ ಕಾಲು. ಅಷ್ಟು ತಗ್ಗಿನ ಸ್ಟೂಲಿನಲ್ಲಿ ಕೂತು ಎದ್ರಿ, ಪುನಃ ಕೂತ್ರಿ. ಎದ್ದದ್ದು ನಿಮಗೇ ಗೊತ್ತಾಗ್ಲಿಲ್ಲ."

ಹೌದು, ಗೊತ್ತಾಗಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಯಾವುದನ್ನೂ ನಂಬದವಳು, ನಾನು ಗಮನಿಸದೆ ಮಾಡಿದ್ದನ್ನು ನಂಬಿದ್ದಳು. ನನಗೆ ಸ್ವಲ್ಪ ಹೆಮ್ಮೆಯಾಯಿತು, ಕಣ್ಣೂ ಸ್ವಲ್ಪ ಮಂಜಾಯಿತು. ಅಷ್ಟರಲ್ಲಿ ಅವಳು ದಿಂಬು ಸರಿಮಾಡಿಕೊಳ್ಳುತ್ತ ಹೇಳಿದಳು:

"ಆದರೆ ಆಪರೇಷನ್ ದಿವಸ ಯಾವ ಕಾಲು ಅಂತ ಡಾಕ್ಟ್ರಿಗೆ ನೀವು ಹೇಳ್ಲಿಕ್ಕೆ ಹೋಗ್ಬೇಡಿ. ನಾನೇ ಹೇಳ್ತೇನೆ."