ಕ್ಲಚ್ ಮಾರಿ, ಬ್ಯಾಟರಿ ಮಾರಿ

ಒಬ್ಬರು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ಇದನ್ನು ನಾನು ಗುಣವೆಂದು ತಿಳಿದಿದ್ದೇನೆ. ಮನೆಯವರು ಕಾಯಿಲೆಯೆಂದು ತಿಳಿದಿದ್ದಾರೆ. ಹಾಲಿನ ಪೊಟ್ಟಣದ ಮೇಲೆ ಅರ್ಧ ಲೀಟರ್ ಎಂದು ಅಚ್ಚಾಗಿದ್ದರೆ, ಅದನ್ನು ಅಳತೆಯ ಪಾತ್ರೆಗೆ ಸುರಿದು ನೋಡಿದ ಮೇಲೆಯೇ ನನಗೆ ಕಾಫಿ ರುಚಿಸುತ್ತದೆ. ಹವಾಮಾನ ವರದಿ ಮಳೆ ಬರುವುದಿಲ್ಲ ಎಂದ ದಿನ ಕೊಡೆ ಹಿಡಿದು ಹೊರಡುತ್ತೇನೆ. ಮಳೆ ಬರುತ್ತದೆ ಎಂದ ದಿನವೂ ಹಿಡಿಯುತ್ತೇನೆ, ಏಕೆಂದರೆ ವರದಿ ಯಾವಾಗಲೂ ಸುಳ್ಳಾಗುತ್ತದೆ ಎಂಬುದು ಕೂಡ ಯಾರೋ ಹೇಳಿದ ಮಾತೇ ತಾನೆ. "ನಿಮಗೆ ಎಂತ ಸಂಶಯ ಇಲ್ಲದ್ದು ಉಂಟು ಈ ಲೋಕದಲ್ಲಿ?" ಎಂದು ನನ್ನ ಹೆಂಡತಿ ಸುಮತಿ ಕೇಳುತ್ತಾಳೆ. "ನನ್ನನ್ನು ಮಾತ್ರ ಎಂತಕ್ಕೆ ಒಂದೇ ಸಲ ನೋಡಿ ಒಪ್ಪಿದ್ದು?" ಅವಳನ್ನು ಒಪ್ಪಿದಾಗ ನನಗೆ ಇಪ್ಪತ್ತೆಂಟು ವರ್ಷ, ಗ್ರಂಥಾಲಯದ ಸದಸ್ಯತ್ವ ಇನ್ನೂ ಸಿಕ್ಕಿರಲಿಲ್ಲ.

ನನ್ನ ವಿದ್ಯಾಭ್ಯಾಸದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಎರ್ನಾಕುಲಂನಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರ ದಾಖಲೆ ವಿಭಾಗಕ್ಕೆ ಸೇರಿದವನು ನಾನು. ಉಳಿದದ್ದನ್ನೆಲ್ಲ ಪುಸ್ತಕಗಳಿಂದ ನಾನೇ ಕಲಿತೆ: ವ್ಯಾಕರಣ, ಹೋಮಿಯೋಪತಿ, ಕಾನೂನು, ಸ್ವಲ್ಪಮಟ್ಟಿಗೆ ಖಗೋಳ. ಹೀಗೆ ಕಲಿತವನಿಗೆ ಒಂದು ಅನುಕೂಲವಿದೆ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಒಂದು ಅನನುಕೂಲವೂ ಇದೆ, ತಪ್ಪು ಕಲಿತರೆ ಹೇಳುವವರಿಲ್ಲ. ಮೂವತ್ತಾರು ವರ್ಷ ಕಡತಗಳ ನಡುವೆ ಕುಳಿತು ನಾನು ಕಂಡುಕೊಂಡ ಸತ್ಯವೆಂದರೆ, ಕಾಗದದಲ್ಲಿ ಇರುವುದು ನಡೆದ ಸಂಗತಿಯಲ್ಲ. ಹಾಗೆ ನಡೆದಿದ್ದರೆ ಒಳ್ಳೆಯದಿತ್ತು ಎಂದು ಬರೆದವನು ಬಯಸಿದ ಸಂಗತಿ.

ಒಮ್ಮೆ ಮಾತ್ರ ಈ ಸತ್ಯವನ್ನು ಮರೆತಿದ್ದೆ. ಮಗಳು ವಾಣಿಗೆ ಒಂಬತ್ತು ವರ್ಷವಾಗಿದ್ದಾಗ ಸಹೋದ್ಯೋಗಿಯೊಬ್ಬರಿಂದ ಹಳೆಯ ಸ್ಕೂಟರ್ ಕೊಂಡೆ. "ಬ್ರೇಕ್ ಹೊಸತು, ಕಣ್ಣುಮುಚ್ಚಿ ಓಡಿಸಬಹುದು" ಎಂದರು ಅವರು. ವರ್ಕ್‌ಶಾಪಿನ ಚೀಟಿಯನ್ನೂ ತೋರಿಸಿದರು. ನಾನು ಕಣ್ಣು ತೆರೆದೇ ಓಡಿಸಿದೆ. ಆದರೂ ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ಸ್ಕೂಟರ್ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹಿಂದೆ ಕುಳಿತಿದ್ದ ವಾಣಿಯ ಗಲ್ಲಕ್ಕೆ ಐದು ಹೊಲಿಗೆ ಬಿತ್ತು. ಆಮೇಲೆ ನಾನು ಯಾವ ವಾಹನವನ್ನೂ ಓಡಿಸಲಿಲ್ಲ. ಕಾರು ಓಡಿಸಲು ನನಗೆ ಇಂದಿಗೂ ಬಾರದು. ಮುಂದೆ ನಾನು ಕಾರುಗಳ ಕುರಿತು ಗಂಭೀರವಾಗಿ ಮಾತನಾಡುವಾಗ ಓದುಗರಿಗೆ ಮೋಸವಾಗಬಾರದೆಂದು ಇದನ್ನು ಈಗಲೇ ತಿಳಿಸಿದ್ದೇನೆ.

ಈಗ ವಾಣಿ ತಿರುವನಂತಪುರದಲ್ಲಿದ್ದಾಳೆ. ವಿಳಿಂಜಂನ ಬಂದರಿನಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಅವಳಿಗೆ ಮುಂಜಾನೆಯ ಪಾಳಿ ಎಂದಾಯಿತು. ಆ ಹೊತ್ತಿಗೆ ಎರಡು ಬಸ್ಸು ಬದಲಿಸಿ ಬಂದರು ತಲುಪುವುದು ಸಾಧ್ಯವಿಲ್ಲ. ಪಾಳಿಗೆ ತಲುಪಲಾಗದವರನ್ನು ನಾವಿರುವ ಕೊಚ್ಚಿಯ ಕಚೇರಿಗೆ, ಕೆಳಗಿನ ಹುದ್ದೆಗೆ ಮರಳಿ ಕಳುಹಿಸುತ್ತಾರೆ. ಹಾಗಾಗಿ ಹಳೆಯದಾದರೂ ದಾರಿಯಲ್ಲಿ ಕೈಕೊಡದ ಒಂದು ಕಾರು ಅವಳಿಗೆ ಬೇಕಾಗಿತ್ತು. ಸುಮತಿಗೆ ಸ್ಕೂಟರಿನ ನೆನಪು ಮಾಸಿರಲಿಲ್ಲ. "ಅಪ್ಪ ನೋಡಿ ಸರಿ ಎಂದರೆ ಮಾತ್ರ ತೆಗೆದುಕೊಳ್ಳುತ್ತೇನೆ" ಎಂದು ಮಗಳಿಂದ ಮಾತು ತೆಗೆದುಕೊಂಡಳು. ಸ್ಕೂಟರ್ ಕೊಂಡವನೂ ಈ ಅಪ್ಪನೇ ಎಂಬುದು ಆ ಕ್ಷಣದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ನಾನೂ ನೆನಪಿಸಲಿಲ್ಲ.

ನಾನು ಹೊಸ ವಿಷಯದ ಅಧ್ಯಯನಕ್ಕೆ ತೊಡಗಿದೆ. ಮೋಟಾರು ವಾಹನಗಳ ಬಗ್ಗೆ ಎರಡು ಪುಸ್ತಕ ಓದಿದೆ. ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದದ್ದನ್ನು ತಿರುಗಿಸಲಾಗದು ಎಂದು ತಿಳಿಯಿತು. ಅಪಘಾತವಾದ ಕಾರಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಆ ಜಾಗಕ್ಕೆ ಅಯಸ್ಕಾಂತ ಅಂಟುವುದಿಲ್ಲ ಎಂದು ತಿಳಿದು, ಕೆಟ್ಟ ರೇಡಿಯೋದ ಸ್ಪೀಕರಿನಿಂದ ಒಂದು ಅಯಸ್ಕಾಂತವನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ. ಪ್ರವಾಹ ಕಂಡ ನಾಡಿನಲ್ಲಿ ಇನ್ನೊಂದು ಪರೀಕ್ಷೆ ಮುಖ್ಯ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಸಬೇಕು. ನೀರಿನಲ್ಲಿ ಮುಳುಗಿದ ಕಾರಿನ ಎಲ್ಲವನ್ನೂ ತೊಳೆಯುತ್ತಾರೆ, ಬೆಲ್ಟಿನ ಬಾಲವನ್ನು ಮರೆಯುತ್ತಾರೆ.

ಪಾಲಾರಿವಟ್ಟಂನಲ್ಲಿ ಹಳೆಯ ಕಾರುಗಳನ್ನು ಮಾರುವ ಅಂಗಳವೊಂದಕ್ಕೆ ಮೊದಲು ಹೋದೆ. "ಡಾಕ್ಟರ್ ಓಡಿಚ್ಚ ವಂಡಿಯಾಣು ಸಾರೇ" ಎಂದ ಅಲ್ಲಿಯ ವ್ಯಾಪಾರಿ. ಪಕ್ಕದ ಕಾರನ್ನೂ ಡಾಕ್ಟರೇ ಓಡಿಸಿದ್ದರು. ಅದರ ಪಕ್ಕದ್ದನ್ನು ಲೇಡಿ ಡಾಕ್ಟರು. ಇಷ್ಟು ಮಂದಿ ವೈದ್ಯರು ಕಾರು ಮಾರಿ ನಡೆದು ಹೋಗುತ್ತಿರುವ ಊರಿನಲ್ಲಿ ಆರೋಗ್ಯ ಬಹಳ ಚೆನ್ನಾಗಿರಬೇಕು. ನಾನು ಬೆಲ್ಟ್ ಎಳೆದೆ. ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ ಇತ್ತು. ವ್ಯಾಪಾರಿ ಅದನ್ನು ನೋಡಿದ, ನನ್ನನ್ನು ನೋಡಿದ, ನಂತರ, "ಸಾರ್ ಪೊಲೀಸಿಲ್ ಆಯಿರುನ್ನೋ?" ಎಂದು ವಿನಯದಿಂದ ವಿಚಾರಿಸಿದ. ಪೊಲೀಸಿನಲ್ಲಿದ್ದಿರೋ ಎಂಬ ಆ ಪ್ರಶ್ನೆಯಷ್ಟು ದೊಡ್ಡ ಪ್ರಶಸ್ತಿ ನನಗೆ ಸೇವೆಯಲ್ಲಿದ್ದಾಗ ಸಿಕ್ಕಿರಲಿಲ್ಲ. ಆ ಉತ್ಸಾಹದಲ್ಲಿ ಇನ್ನೂ ಮೂರು ಕಾರುಗಳನ್ನು ತಿರಸ್ಕರಿಸಿದೆ. ಅವುಗಳಲ್ಲಿ ಎರಡು ಬಹುಶಃ ಒಳ್ಳೆಯವೇ ಇದ್ದವು.

ಆ ಸೋಮವಾರಕ್ಕೆ ಆರು ದಿನ ಉಳಿದಿದ್ದಾಗ ವಾಣಿಯೇ ಒಂದು ಕಾರು ಕಂಡುಹಿಡಿದಳು. ಧಾರವಾಡದ ಕಡೆಯವರಾದ ದೇಸಾಯಿ ಎಂಬವರು ಬ್ಯಾಂಕಿನಲ್ಲಿದ್ದು ನಿವೃತ್ತರಾಗಿ ತಿರುವನಂತಪುರದಲ್ಲಿಯೇ ನೆಲೆಸಿದ್ದರು. ಒಬ್ಬರೇ ಮಾಲೀಕರ ಕೈಯಲ್ಲಿ ಓಡಿದ ಕಾರು. ಮೊದಲ ದಿನದಿಂದ ಅದಕ್ಕೆ ಆದ ಪ್ರತಿಯೊಂದು ದುರಸ್ತಿಯನ್ನೂ ಅವರು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದರು. ವಾಣಿಗೆ ಕನ್ನಡ ಅರ್ಥವಾಗುತ್ತದೆ, ಮಾತನಾಡಲೂ ಬರುತ್ತದೆ. ಆದರೆ ಎರ್ನಾಕುಲಂನಲ್ಲಿ ಬೆಳೆದವಳು, ಅಕ್ಷರ ಬಾರದು. ಅವಳಿಗೆ ಅಕ್ಷರ ಕಲಿಸುತ್ತೇನೆಂದು ನಾನು ಇಪ್ಪತ್ತು ವರ್ಷ ಹೇಳುತ್ತಲೇ ಇದ್ದೆ. ಆದ್ದರಿಂದ ಅವಳು ಪುಟಗಳ ಚಿತ್ರ ತೆಗೆದು ನನ್ನ ಫೋನಿಗೆ ಕಳುಹಿಸಿ, "ಅಪ್ಪ, ಇದನ್ನು ಓದಿ ಹೇಳಿ, ಮತಿ. ಬೇರೆ ಒಂದೂ ಬೇಡ" ಎಂದಳು. ಮತಿ ಎಂದರೆ ಸಾಕು. ಅವಳ ಕನ್ನಡದಲ್ಲಿ ಇಂಥವು ಬರುತ್ತವೆ.

ಕನ್ನಡಕ ಒರೆಸಿಕೊಂಡು ಓದಲು ಕುಳಿತೆ. ದುಂಡಗಿನ, ಶ್ರದ್ಧೆಯ ಅಕ್ಷರ. ಪ್ರತಿ ಸಾಲಿನ ಮೊದಲು ದಿನಾಂಕ, ಅನಂತರ ಒಂದು ಪುಟ್ಟ ವಾಕ್ಯ. ಬ್ಯಾಟರಿ ಮಾರಿ. ಮುಂದಿನ ಎರಡು ಟೈರ್ ಮಾರಿ. ಎಡಗಡೆ ಕನ್ನಡಿ ಮಾರಿ. ಕ್ಲಚ್ ಮಾರಿ. ಒಬ್ಬ ಮನುಷ್ಯ ತನ್ನ ಕಾರಿನ ಅಂಗಾಂಗಗಳನ್ನು ಒಂದೊಂದಾಗಿ ಮಾರಿದ್ದಲ್ಲದೆ, ಅದನ್ನು ದಿನಾಂಕಸಹಿತ ಬರೆದಿಟ್ಟಿದ್ದ. ವ್ಯಾಕರಣ ಬಲ್ಲವನಿಗೆ ಇನ್ನೂ ಹೆಚ್ಚಿನದು ಕಾಣುತ್ತದೆ. 'ಮಾರಿ' ಎಂಬುದು ಅಪೂರ್ಣ ಕ್ರಿಯೆ. ಮಾರಿ, ಏನು ಮಾಡಿದರು? ಕಳಪೆ ಮಾಲು ಹಾಕಿಸಿದರು ಎಂಬ ಪೂರ್ಣಕ್ರಿಯೆಯನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದಾರೆ. ದಾಖಲೆ ವಿಭಾಗದಲ್ಲಿ ಇಂಥ ಬಿಟ್ಟ ಕ್ರಿಯಾಪದಗಳನ್ನು ನಾನು ಬಹಳ ನೋಡಿದ್ದೆ. ವರ್ಷಕ್ಕೆರಡು ಬಾರಿ 'ಎಂಜಿನ್ ಆಯಿಲ್ ಮಾರಿ' ಎಂದಿದ್ದಲ್ಲಿ ಮಾತ್ರ ಒಂದು ಕ್ಷಣ ತಡೆದೆ. ಬಳಸಿದ ಎಣ್ಣೆಯನ್ನು ಯಾರು ಕೊಳ್ಳುತ್ತಾರೆ? ಆದರೆ ಮರದ ತೊಲೆಗೆ ಗೆದ್ದಲು ಹಿಡಿಯದಂತೆ ಅದನ್ನು ಬಳಿಯುವವರಿದ್ದಾರೆಂದು ಎಲ್ಲೋ ಓದಿದ್ದು ನೆನಪಾಗಿ, ಆ ಸಂಶಯ ಪರಿಹಾರವಾಯಿತು. ನನ್ನ ಎಲ್ಲ ಸಂಶಯಗಳಲ್ಲಿ ಅಷ್ಟು ಬೇಗ ಪರಿಹಾರವಾದದ್ದು ಅದೊಂದೇ.

ಫೋನ್ ಮಾಡಿ, "ಈ ಕಾರು ಬೇಡ. ಮನುಷ್ಯ ಸರಿ ಇಲ್ಲ" ಎಂದೆ.

"ಎಂತ ಬರೆದಿದ್ದಾರೆ ಅದರಲ್ಲಿ?"

"ಓದಿ ಹೇಳಿದರೆ ನಿನಗೆ ಬೇಸರವಾಗುತ್ತದೆ."

"ಅಪ್ಪ, ಇದು ಐದನೆಯದು" ಎಂದಳು. "ಬರುವ ವಾರ ನಾನು ಕೊಚ್ಚಿಗೇ ಬಂದು ನಿಮ್ಮೊಟ್ಟಿಗೆ ಕೂತು ಹಾಲು ಅಳೆಯುತ್ತೇನೆ." ಅದು ತಮಾಷೆಯ ಧ್ವನಿಯಲ್ಲ. ಶನಿವಾರದ ರೈಲಿನಲ್ಲಿ ನಾನು ತಿರುವನಂತಪುರಕ್ಕೆ ಹೊರಟೆ. ತಪ್ಪಿತಸ್ಥನನ್ನು ಅವನ ಬರಹದ ಮುಂದೆಯೇ ನಿಲ್ಲಿಸಿದರೆ ಮಗಳಿಗೆ ಮನವರಿಕೆಯಾದೀತು ಎಂಬುದು ನನ್ನ ಆಲೋಚನೆ.

ದೇಸಾಯಿಯವರು ನನಗಿಂತ ಎರಡು ವರ್ಷ ಹಿರಿಯರು, ತೆಳ್ಳಗಿನ ಆಳು. "ಬರ್ರಿ, ಬರ್ರಿ, ಕುಂದರ್ರಿ" ಎಂದು ನನ್ನ ಕೈಹಿಡಿದು, ಜೊತೆಗಿದ್ದ ವಾಣಿಯನ್ನೂ ಒಳಗೆ ಕರೆದೊಯ್ದರು. ಅವರ ಹೆಂಡತಿ ಚಹಾ, ಅವಲಕ್ಕಿ ಚೂಡಾ ತಂದಿಟ್ಟರು. ಅಪರಾಧಿಯ ಮನೆಯ ಚೂಡಾ ಬಹಳ ರುಚಿಯಾಗಿತ್ತು. ಎರಡನೆಯ ಬಾರಿ ಹಾಕಿಸಿಕೊಂಡ ಮೇಲೆ, ಪುಸ್ತಕವನ್ನು ತರಿಸಿ, ಎದ್ದು ನಿಂತು, ನ್ಯಾಯಾಲಯದಲ್ಲಿ ಓದುವಂತೆ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದೆ. "ಬ್ಯಾಟರಿ ಮಾರಿ. ಟೈರ್ ಮಾರಿ. ಕ್ಲಚ್ ಮಾರಿ. ಇದಕ್ಕೆ ಏನು ಹೇಳುತ್ತೀರಿ?"

ದೇಸಾಯಿಯವರು ನನ್ನನ್ನು ನೋಡಿದರು. "ಏನ್ ಹೇಳ್ಲಿಕ್ಕತ್ತೀರಿ ಸಾಹೇಬ್ರ? ಹೌದು, ಮಾರಿ. ಅದಕ್ಕೇನೀಗ?"

"ಕ್ಲಚ್ ಮಾರಿದ್ದೀರಿ ಎಂದು ಒಪ್ಪುತ್ತೀರೋ?"

"ಕ್ಲಚ್ ಮಾರ್ಕೊಂಡು ನಾ ಗಾಡಿ ಹೆಂಗ್ರೀ ನಡಸ್ಲಿ?"

ಆಗ ವಾಣಿ ಸೋಫಾದ ಮೇಲೆ ಮುಖ ಮುಚ್ಚಿಕೊಂಡದ್ದನ್ನು ಕಂಡೆ. ಅಳುತ್ತಿದ್ದಾಳೆಂದು ತಿಳಿದೆ. ಅವಳು ನಗುತ್ತಿದ್ದಳು. "ಅಪ್ಪ, ಅದು ಕನ್ನಡ ಅಲ್ಲ. ಮಲಯಾಳಂ. ಕ್ಲಚ್ ಮಾರಿ ಎಂದರೆ ಕ್ಲಚ್ ಬದಲಾಯಿಸಿದೆ ಅಂತ."

ಮಲಯಾಳಂ ನನಗೆ ಚೆನ್ನಾಗಿ ಬರುತ್ತದೆ. ಐವತ್ತು ವರ್ಷ ಅದರಲ್ಲಿಯೇ ತರಕಾರಿ ಕೊಂಡಿದ್ದೇನೆ, ಜಗಳವಾಡಿದ್ದೇನೆ. ಮೆಕ್ಯಾನಿಕ್ ಒಬ್ಬ ಬಾಯಲ್ಲಿ ಹೇಳಿದ್ದರೆ ನಿದ್ದೆಯಲ್ಲಿದ್ದರೂ ತಿಳಿಯುತ್ತಿತ್ತು. ಕನ್ನಡ ಅಕ್ಷರದಲ್ಲಿ ಕಂಡದ್ದರಿಂದ ಅದು ಕನ್ನಡವೇ ಎಂದು ನಂಬಿದೆ. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪದ ನಾನು, ನನ್ನ ಓದನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಲಿಲ್ಲ. "ನನಗ ಮಲಯಾಳಂ ಬರೀಲಿಕ್ಕ ಬರೂದಿಲ್ರಿ," ದೇಸಾಯಿಯವರು ತಾವೇ ತಪ್ಪು ಮಾಡಿದವರಂತೆ ವಿವರಿಸಿದರು. "ಮೆಕ್ಯಾನಿಕ್ ಸುಕುಮಾರ ಹೆಂಗಂದ, ಹಂಗ ಬರ್ಕೊಂಡೆ. ನನ್ನ ಕಡಿಂದ ಒಂದಕ್ಷರ ಸೇರ್ಸಿಲ್ಲ." ದಾಖಲೆ ಎಂದರೆ ಹಾಗಿರಬೇಕು ಎಂದು ನಾನೇ ಕಿರಿಯ ಗುಮಾಸ್ತರಿಗೆ ಪಾಠ ಹೇಳಿದ್ದೆ.

ಮಾನ ಉಳಿಸಿಕೊಳ್ಳಲು ಅಯಸ್ಕಾಂತ, ಟಾರ್ಚು ಹಿಡಿದು ಅಂಗಳಕ್ಕೆ ಇಳಿದೆ. ದೇಸಾಯಿಯವರೊಬ್ಬರೇ ಜೊತೆಗೆ ಬಂದರು. ಬೆಲ್ಟ್ ಶುದ್ಧವಾಗಿತ್ತು, ಪೆಡಲಿನ ರಬ್ಬರು ಮೀಟರಿನ ಲೆಕ್ಕಕ್ಕೆ ಸರಿಯಾಗಿ ಸವೆದಿತ್ತು. ಎಡಗಡೆಯ ಹಿಂಬಾಗಿಲಿನಲ್ಲಿ, ಅಂಗೈ ಅಗಲದ ಒಂದು ಜಾಗದಲ್ಲಿ ಮಾತ್ರ ಅಯಸ್ಕಾಂತ ಜಾರಿ ಬಿತ್ತು. ಬಾಗಿ ಎತ್ತಿಕೊಂಡು ಅವರ ಮುಖ ನೋಡಿದೆ. ಇದು ಪುಸ್ತಕದಲ್ಲಿ ಇರಲಿಲ್ಲ.

ಅವರು ಮನೆಯ ಬಾಗಿಲ ಕಡೆಗೊಮ್ಮೆ ನೋಡಿ ಧ್ವನಿ ತಗ್ಗಿಸಿದರು. "ನಮ್ಮ ಗೇಟಿನ ಕಂಬಾರೀ ಅದು. ಮೂವತ್ತು ವರ್ಷಾತು ಅಲ್ಲೇ ನಿಂತೈತಿ. ಅವತ್ತ ನನಗ ಕಾಣ್ಲಿಲ್ಲ. ಎಡಗಣ್ಣು ಹೋಗೇದ್ರಿ. ನಮ್ಮ ಮನಿಯವರು ಊರಿಗೆ ಹೋಗಿದ್ರು, ಬರೂದ್ರಾಗ ರಿಪೇರಿ ಮಾಡಿಸಿದೆ. ಪುಸ್ತಕದಾಗ ಬರದಿದ್ರ ಅಕಿ ಓದ್ತಿದ್ಲು." ಅಂಗೈಯಿಂದ ಆ ಬಾಗಿಲನ್ನು ಒರೆಸುತ್ತ, "ಗಾಡಿ ಹಳೀದಾತು, ಮಾರೂಣು ಅಂತ ಅಕಿಗೆ ಹೇಳೇನಿ" ಎಂದರು.

ಬಾಗಿಲಿನ ಒಳಭಾಗವನ್ನು ಟಾರ್ಚ್ ಹಾಕಿ ನೋಡಬಹುದಿತ್ತು. ಗೇಟಿನ ಕಂಬದಲ್ಲಿ ಬಣ್ಣದ ಗುರುತು ಇದೆಯೋ ಎಂದು ಪರೀಕ್ಷಿಸಬಹುದಿತ್ತು. ಕಂಬ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಟಾರ್ಚನ್ನು ಜೇಬಿಗೆ ಹಾಕಿದೆ. ಒಳಗೆ ಹೋಗಿ, "ಕಾರು ಸರಿ ಇದೆ. ತೆಗೆದುಕೋ" ಎಂದೆ. ದೇಸಾಯಿಯವರ ಹೆಂಡತಿ, "ಅಂತೂ ಪರೀಕ್ಷೆ ಪಾಸಾತಲ್ರೀ" ಎಂದು ಇನ್ನೊಮ್ಮೆ ಚೂಡಾ ಬಡಿಸಿದರು.

ಭಾನುವಾರ ವಾಣಿ ನನ್ನನ್ನು ಕೂರಿಸಿಕೊಂಡು ವಿಳಿಂಜಂವರೆಗೆ ಓಡಿಸಿದಳು, ಸೋಮವಾರದ ದಾರಿ ನೋಡಿಕೊಳ್ಳಲು. ಕಾರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಬಂದರಿನ ಎತ್ತರದ ಕ್ರೇನುಗಳು ಕಾಣುವಲ್ಲಿಗೆ ಬಂದಾಗ ಅವಳು, "ಅಂಗಳದಲ್ಲಿ ಅಂಕಲ್ ಎಂತ ಹೇಳಿದ್ದು?" ಎಂದಳು.

"ಏನಿಲ್ಲ" ಎಂದೆ. ಇನ್ನೊಬ್ಬರ ಗುಟ್ಟನ್ನು ಕಾಪಾಡುವ ಗಾಂಭೀರ್ಯ ನನ್ನ ಧ್ವನಿಯಲ್ಲಿತ್ತು.

"ಗೇಟಿನ ಕಂಬವೋ? ಅದು ನನಗೆ ಗೊತ್ತುಂಟು. ಮೊದಲನೇ ದಿವಸವೇ ಹೇಳಿದ್ರು, ಪಾವಂ, ಪಾಪದವರು. ಆಂಟಿಗೆ ಗೊತ್ತಾಗಬಾರದು ಅಂತ ನಾನು ಸುಮ್ಮನಿದ್ದೆ. ಸುಕುಮಾರನ ಹತ್ತಿರವೂ ಹೋಗಿ ಬಂದೆ, ಬಾಗಿಲು ಬಿಟ್ಟರೆ ಬೇರೆ ತೊಂದರೆ ಇಲ್ಲ ಎಂದ. ನಿಮ್ಮ ಮಾತು ಒಂದೇ ಬಾಕಿ ಇದ್ದದ್ದು."

ಎರಡು ಪುಸ್ತಕ, ಒಂದು ಟಾರ್ಚು, ಒಂದು ಅಯಸ್ಕಾಂತ ಮತ್ತು ಒಂದು ರೈಲು ಪ್ರಯಾಣದಿಂದ ನಾನು ಹೊರತೆಗೆದ ಸತ್ಯ ಇದು. "ಅಷ್ಟು ಸುಲಭವಾಗಿ ನಿನಗೆ ಹೇಗೆ ಹೇಳಿದರು?" ಎಂದೆ.

"ಎಂತ ಹೇಗೆ? ಕೇಳಿದೆ, ಅಷ್ಟೆ."

ಈ ಉತ್ತರ ನನ್ನನ್ನು ಮರಳುವ ರೈಲಿನುದ್ದಕ್ಕೂ ಕಾಡಿತು. ಕೇಳುವುದೆಂದರೆ ನಮ್ಮಲ್ಲಿ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಮಲಯಾಳಂನಲ್ಲಿ ಕಿವಿಗೊಡುವುದು ಮಾತ್ರ; ಪ್ರಶ್ನೆಗೆ ಬೇರೆ ಪದವಿದೆ. ಮಗಳು ಯಾವ ಭಾಷೆಯಲ್ಲಿ ಕೇಳಿದಳು? ಕನ್ನಡದಲ್ಲಾದರೆ ಆ ಕೆಲಸವನ್ನು ನಾನೂ ಜೀವಮಾನವಿಡೀ ಮಾಡಿದ್ದೇನೆ, ಹಾಲಿನವನಿಂದ ಹಿಡಿದು ದೇಸಾಯಿಯವರವರೆಗೆ. ಮಲಯಾಳಂನಲ್ಲಾದರೆ ಮಾಡಿದ ನೆನಪಿಲ್ಲ. ಫೋನ್ ತೆಗೆದು ಅವಳನ್ನೇ ವಿಚಾರಿಸಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಮನೆಗೆ ಬಂದು, ಚಪ್ಪಲಿ ಕಳಚಿ, ಕಪಾಟಿನಿಂದ ನಿಘಂಟನ್ನು ಇಳಿಸಿಕೊಂಡೆ.